ತುರ್ತುಕ್ ಕಿರುಚಿತ್ರ: ಅಕ್ಕ ಈಚೆ, ತಮ್ಮ ಆಚೆ. ಎಲ್ಲಿ ಎಡವಬಹುದು?

ಬಿಡಿಚಿತ್ರ:
12 ನಿಮಿಷದ ಕಿರುಚಿತ್ರ. ತುರ್ತುಕ್ ಲಡಾಖ್‌ನ ಗಡಿ ಹಳ್ಳಿ, 1971ರವರೆಗೆ ಪಾಕಿಸ್ತಾನದ ಹಿಡಿತದಲ್ಲಿತ್ತು. ಸ್ಕರ್ದುಗೆ (ಇಂದಿಗೂ ಪಾಕಿಸ್ತಾನದ ಹಿಡಿತದಲ್ಲಿರುವ ಊರು) ಕೂಲಿಗೆ ಹೋದ ತಮ್ಮ, 1971ರ ಯುದ್ಧದಲ್ಲಿ ತುರ್ತುಕ್ ಭಾರತದ ಕೈಗೆ ಬಂದಾಗ ಅಲ್ಲೇ ಉಳಿಯುತ್ತಾನೆ. ಈಗ ಮುದುಕಿಯಾದ ಅಕ್ಕನಿಗೆ ಅವನ ವಿಡಿಯೋ ಕಾಲ್. ಸ್ಕ್ರಿಪ್ಟ್‌ನಲ್ಲಿರುವುದು ಏಪ್ರಿಕಾಟ್ ಹೂವಿನಡಿ ಬೀಳ್ಕೊಡುಗೆ, ಮುಳ್ಳುತಂತಿ ಮೇಲಿಂದ ಡ್ರೋನ್ ಶಾಟ್, ಆಮೇಲೆ ಕಾಲ್. ನಾಲ್ಕು ಜನ, ಒಂದೇ ಕ್ಯಾಮೆರಾ. ಎರಡೂ ಮನೆಯ ಒಳಾಂಗಣ ಕರ್ನಾಟಕದಲ್ಲೇ ತೆಗೆಯೋಣ ಅಂತ. ಸಲಹೆ ಕೊಡಿ.

ಕತ್ತರಿಪ್ರಯೋಗ:
ಮೊದಲು ಡ್ರೋನ್ ಕೈಬಿಡಿ. ಗಡಿ ಪಟ್ಟಿ ರೆಡ್ ಜೋನ್, ಕೇಂದ್ರದ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. 1971ರ ದೃಶ್ಯದಲ್ಲಿ ಮುಳ್ಳುತಂತಿಯೂ ಬೇಡ. ಅಲ್ಲಿ ಕಣ್ಣಿಗೆ ಕಾಣುವುದು ಶ್ಯೋಕ್ ನದಿ ಮತ್ತು ಬೋಳುಬೆಟ್ಟ. ಆ ಬೆಟ್ಟದಾಚೆ ತಮ್ಮ. ತಂತಿಗಿಂತ ಅದೇ ಹೆಚ್ಚು ಕಾಡುತ್ತದೆ.

ಹೂವಿನ ಲೆಕ್ಕವೂ ನೋಡಿ. ಏಪ್ರಿಕಾಟ್ ಹೂ ಬಿಡುವುದು ಏಪ್ರಿಲ್ ಹೊತ್ತಿಗೆ, ಯುದ್ಧ ಡಿಸೆಂಬರ್ 3ರಿಂದ 17. ಹೂವಿನಿಂದ ಸೀದಾ ಗುಂಡಿನ ಸದ್ದಿಗೆ ಕಟ್ ಮಾಡಿದರೆ ಎಂಟು ತಿಂಗಳು ನುಂಗಿದ ಹಾಗೆ. ನಡುವೆ ಚಾವಣಿ ಮೇಲೆ ಒಣಗಲು ಹರವಿದ ಹಣ್ಣಿನ ಒಂದು ಶಾಟ್, ನಂತರ ಎಲೆಯುದುರಿದ ಕೊಂಬೆ. ಎರಡೂ ನಾಲ್ಕು ನಾಲ್ಕು ಸೆಕೆಂಡ್ ಸಾಕು, ಮಾತೇ ಬೇಡ.

ಲಡಾಖ್ ಅಂದ ಕೂಡಲೇ ಬೌದ್ಧ ಪ್ರಾರ್ಥನಾ ಪತಾಕೆ ಕಟ್ಟಬೇಡಿ. ತುರ್ತುಕ್‌ನವರು ಬಾಲ್ಟಿ ಮುಸ್ಲಿಮರು. ಮಾತು ಬಾಲ್ಟಿ, ಪತ್ರ ತೋರಿಸುವುದಾದರೆ ಉರ್ದು ಲಿಪಿಯಲ್ಲಿರಲಿ. ಟೈಟಲ್‌ನಲ್ಲಿ ನಕ್ಷೆ ಹಾಕುವುದಾದರೆ ಸರ್ವೆ ಆಫ್ ಇಂಡಿಯಾದ್ದೇ ಹಾಕಿ. ಅದಕ್ಕೆ ಹೊಂದದ ನಕ್ಷೆ ಪ್ರಕಟಿಸಿದರೆ 1961ರ ಕ್ರಿಮಿನಲ್ ಕಾನೂನು ತಿದ್ದುಪಡಿ ಕಾಯ್ದೆಯಡಿ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು.

ಸೌಂಡ್‌ಮರ:
ಇಡೀ ಚಿತ್ರ ನಿಂತಿರುವುದು ಆ ಕಾಲ್ ಮೇಲೆ. ತಮ್ಮನ ಪಾತ್ರಧಾರಿಯನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ, ಇಯರ್‌ಫೋನ್ ಹಾಕಿಸಿ ನಿಜವಾಗಿಯೂ ಕರೆ ಮಾಡಿಸಿ. ಇಬ್ಬರಿಗೂ ಬೇರೆ ಬೇರೆ ಲೇಪಲ್ ಮೈಕ್ (ಅಂಗಿಗೆ ಸಿಕ್ಕಿಸುವ ಪುಟ್ಟ ಮೈಕ್), ಬೇರೆ ಟ್ರ್ಯಾಕ್, ರೆಕಾರ್ಡಿಂಗ್ ದರ 48 ಕಿಲೋಹರ್ಟ್ಸ್. ಫೋನ್ ಸ್ಪೀಕರ್‌ನಿಂದ ಬರುವ ದನಿಯನ್ನೇ ರೆಕಾರ್ಡ್ ಮಾಡಿದರೆ ಅದು ಅಕ್ಕನ ಮೈಕಿಗೂ ಸೋರುತ್ತದೆ, ಎಡಿಟ್‌ನಲ್ಲಿ ಒಂದು ಪದ ಕೂಡ ಬಿಡಿಸಲಾಗದು. ಶುದ್ಧ ದನಿ ಹಿಡಿದು, ಆಮೇಲೆ 300ರಿಂದ 3400 ಹರ್ಟ್ಸ್ ಮಾತ್ರ ಉಳಿಸಿ; ಹಳೇ ಫೋನಿನ ದನಿ ತಾನಾಗಿ ಬರುತ್ತದೆ. ಉತ್ತರಕ್ಕೆ ಅರ್ಧ ಸೆಕೆಂಡ್ ತಡ ಸೇರಿಸಿದರೆ, "ಕೇಳಿಸ್ತಾ?" ಅಂತ ಅಕ್ಕ ಮತ್ತೆ ಕೇಳುವುದು ನಟನೆ ಅನಿಸುವುದಿಲ್ಲ.

ನೆರಳುಬೆಳಕು:
ಒಂದೇ ಮನೆ ಎರಡಾಗಬೇಕಾದರೆ ಅಕ್ಕ ಸದಾ ಫ್ರೇಮಿನ ಬಲಕ್ಕೆ ನೋಡಲಿ, ತಮ್ಮ ಎಡಕ್ಕೆ. ಇಬ್ಬರೂ ಒಂದೇ ಕಡೆ ನೋಡಿದರೆ ಮೂರನೆಯವರ ಜೊತೆ ಮಾತಾಡಿದಂತೆ ಕಾಣುತ್ತದೆ. ಕಿಟಕಿಗೆ ಟ್ರೇಸಿಂಗ್ ಪೇಪರ್ ಅಂಟಿಸಿ, ಇಲ್ಲದಿದ್ದರೆ ಹೊರಗಿನ ತೆಂಗಿನಮರ ಎಲ್ಲ ಗುಟ್ಟು ರಟ್ಟು ಮಾಡುತ್ತದೆ. ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ಕ್ಯಾಮೆರಾ ಹೊಂದಿಸುವುದು) 4300 ಕೆಲ್ವಿನ್ ಇಟ್ಟರೆ ಕಿಟಕಿ ಬೆಳಕು ನೀಲಿಗೆ, ಹಳದಿ ಬಲ್ಬ್ ಕೇಸರಿಗೆ ತಿರುಗಿ ಚಳಿ ಕಾಣುತ್ತದೆ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್. 1/60 ಇಟ್ಟರೆ ಅಗ್ಗದ ಎಲ್‌ಇಡಿ ಪಟ್ಟೆ ಪಟ್ಟೆಯಾಗಿ ಮಿನುಗೀತು.

ಹೊರಾಂಗಣಕ್ಕೆ ಹೋದರೆ ಲೇಹ್‌ನಲ್ಲಿ (3,500 ಮೀಟರ್) ಎರಡು ದಿನ ಸುಮ್ಮನೆ ಇರಿ, ಆಮೇಲೆ ತುರ್ತುಕ್ ದಾರಿಯ ಖರ್ದುಂಗ್ ಲಾ ಎಂಬ ಎತ್ತರದ ಘಟ್ಟ ಹತ್ತಿ. ಪ್ರವಾಸಿ ಪರವಾನಗಿ ನೆಚ್ಚಬೇಡಿ, ಚಿತ್ರೀಕರಣಕ್ಕೆ ಲೇಹ್ ಆಡಳಿತದಿಂದ ಲಿಖಿತ ಅನುಮತಿ ಪಡೆಯಿರಿ. ಬ್ಯಾಟರಿ ಅಂಗಿಯ ಒಳಜೇಬಿನಲ್ಲಿರಲಿ. ಚಳಿಯಿಂದ ಬೆಚ್ಚನೆ ಕೋಣೆಗೆ ಬಂದ ಕೂಡಲೇ ಬ್ಯಾಗ್ ತೆರೆಯಬೇಡಿ, ಲೆನ್ಸ್ ಮೇಲೆ ಮಂಜು ಕೂರುತ್ತದೆ. ಒಂದು ಗಂಟೆ ಬಿಡಿ.

ಬಿಡಿಚಿತ್ರ:
ಡ್ರೋನ್, ತಂತಿ ಎರಡೂ ತೆಗೆದೆವು. ಒಣಹಣ್ಣಿನ ಶಾಟ್‌ಗೆ ಆಗಸ್ಟ್‌ನಲ್ಲಿ ಹೋಗ್ತೀವಿ.