ಸಂಜೆ 4ಕ್ಕೆ 5 ಕಿಲೋಮೀಟರ್ ಓಟ, 6ಕ್ಕೆ ಸಂಗೀತ ಕಚೇರಿ: ಡಾಕ್ಟ್ರೇ, ಓಡ್ಲಾ ಬೇಡ್ವಾ?

ವೀಣೆ ಪಾಠದವಳು, ಹಾಸನ:

ಡಾಕ್ಟ್ರೇ ನಮಸ್ಕಾರ. ನಮ್ಮ ಬಡಾವಣೇಲಿ ವರ್ಷಾ ವರ್ಷ ರಾಮನವಮಿಗೆ ಸಂಗೀತೋತ್ಸವ ಮಾಡ್ತಾರೆ, ಈ ಸಲ ಹುಡುಗ್ರೆಲ್ಲ ಸೇರ್ಕೊಂಡು ಕೊನೇ ದಿನ 5 ಕಿಲೋಮೀಟರ್ ಓಟ ಬೇರೆ ಇಟ್ಟಿದಾರೆ. ಟೈಮು ಮಾತ್ರ ಸಂಜೆ 4 ಗಂಟೆ, ಯಾಕಂದ್ರೆ ಮುಖ್ಯ ಅತಿಥಿ 5ಕ್ಕೆ ಬಂದು ಮೆಡಲ್ ಕೊಟ್ಟು ಹೊರಟು ಬಿಡ್ತಾರಂತೆ. ನಂಗೆ 38 ವರ್ಷ, ಒಂದೂವರೆ ವರ್ಷದಿಂದ ಬೆಳಿಗ್ಗೆ ಆರಕ್ಕೆ ಮಹಾರಾಜ ಪಾರ್ಕ್ ಕಡೆ ಓಡ್ತೀನಿ, 5 ಕಿಲೋಮೀಟರ್‌ಗೆ 32 ನಿಮಿಷ ಹಿಡಿಯುತ್ತೆ, ಬಿಪಿ ಶುಗರ್ ಏನೂ ಇಲ್ಲ. ಆದ್ರೆ ಬಿಸಿಲಲ್ಲಿ ಒಂದಿನಾನೂ ಓಡಿದೋಳಲ್ಲ. ಮೊನ್ನೆ ಭಾನುವಾರ ನೋಡೇ ಬಿಡೋಣ ಅಂತ 4 ಗಂಟೆಗೆ ಸಾಲಗಾಮೆ ರಸ್ತೇಲಿ ಹೊರಟೆ, ಎರಡು ಕಿಲೋಮೀಟರ್ ಆಗೋಷ್ಟರಲ್ಲಿ ತಲೆ ಧಿಮ್ ಅಂತು, ಕೈಮೇಲಿನ ಕೂದಲೆಲ್ಲ ನೆಟ್ಟಗೆ ನಿಂತು ಚಳಿ ಬಂದಂಗಾಯ್ತು, ಆ ಸೆಕೇಲಿ ಚಳಿ! ಮರದ ಕೆಳಗೆ ಸ್ವಲ್ಪ ಹೊತ್ತು ಕೂತು ಆಟೋ ಹತ್ತಿ ಮನೆಗೆ ಬಂದೆ. ನಮ್ಮ ಯಜಮಾನ್ರು "ಹಾಸನ ಬಡವರ ಊಟಿ ಕಣೇ, ಇಲ್ಲೇನು ಬಿಸಿಲು" ಅಂತ ನಗ್ತಾರೆ. ಇನ್ನು 16 ದಿನ ಇದೆ. ಅವತ್ತೇ 6 ಗಂಟೆಗೆ ಗೋಷ್ಠಿಗಾಯನದಲ್ಲಿ ನಾನೂ ಕೂತ್ಕೋಬೇಕು. ಓಡ್ಲಾ ಬೇಡ್ವಾ, ಓಡೋದಾದ್ರೆ ಏನ್ ಮಾಡ್ಬೇಕು?

ಡಾಕ್ಟ್ರು (ಜನರಲ್ ಮೆಡಿಸಿನ್):

ಮೇಡಂ, ಮೊದ್ಲು ಆ ಚಳಿ ವಿಷಯ. ಬಿಸಿಲಲ್ಲಿ ಓಡ್ತಾ ಮೈ ಜುಮ್ ಅಂದು ರೋಮ ನಿಂತ್ರೆ ಅದು ದೇಹ ಕೊಡೋ ಎಚ್ಚರಿಕೆ ಗಂಟೆ. ನೀವು ನಿಂತಿದ್ದು, ನೆರಳಿಗೆ ಹೋಗಿದ್ದು, ಆಟೋ ಹತ್ತಿದ್ದು ಮೂರೂ ಸರಿ. ಎಷ್ಟೋ ಜನ "ಇನ್ನೊಂದೇ ಕಿಲೋಮೀಟರ್" ಅಂತ ಎಳೆದುಕೊಂಡು ಹೋಗಿ ನಮ್ಮ ಹತ್ರ ಬರ್ತಾರೆ, ಅವರೇ ಬರಲ್ಲ, ಬೇರೆಯವರು ಎತ್ಕೊಂಡು ಬರ್ತಾರೆ.

ನಾನೂ ಓಡೋನು, ನಾಲ್ಕಾರು ಓಟಗಳಲ್ಲಿ ಫಸ್ಟ್ ಏಡ್ ಟೆಂಟ್‌ನಲ್ಲಿ ಕೂತಿದೀನಿ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ ಬೇಜಾರು ಮಾಡ್ಕೋಬೇಡಿ. 5 ಕಿಲೋಮೀಟರ್ ತಾನೇ, ಚಿಕ್ಕ ಓಟ, ಏನಾಗುತ್ತೆ ಅನ್ನೋದೇ ಎಲ್ಲರೂ ಮಾಡೋ ತಪ್ಪು. ಓಡುವಾಗ ನಮ್ಮ ದೇಹ ಸುಡೋ ಶಕ್ತೀಲಿ ಕಾಲು ಭಾಗಾನೂ ಓಟಕ್ಕೆ ಹೋಗಲ್ಲ, ಮುಕ್ಕಾಲಿಗೂ ಹೆಚ್ಚು ಬರೀ ಶಾಖ ಆಗುತ್ತೆ. 21 ಕಿಲೋಮೀಟರ್ ಓಡೋನು ಉಳಿಸಿಕೊಂಡು ನಿಧಾನ ಹೋಗ್ತಾನೆ, 5 ಓಡೋನು ಶುರುವಿಂದ್ಲೇ ಎದ್ನೋ ಬಿದ್ನೋ ಅಂತ ಹೋಗ್ತಾನೆ, ಹಾಗಾಗಿ ನಿಮಿಷಕ್ಕೆ ಹುಟ್ಟೋ ಶಾಖ ಇವನಿಗೇ ಜಾಸ್ತಿ. ಹೀಟ್ ಸ್ಟ್ರೋಕ್ ಆಗೋಕೆ ಮೈಯಲ್ಲಿ ನೀರು ಖಾಲಿ ಆಗ್ಲೇಬೇಕು ಅಂತೇನಿಲ್ಲ, ಹೊಟ್ಟೆ ತುಂಬ ನೀರು ಕುಡಿದೋರಿಗೂ ಅರ್ಧ ಗಂಟೇಲಿ ಆಗುತ್ತೆ.

ಆ ಶಾಖ ಹೊರಗೆ ಹೋಗೋಕೆ ಇರೋ ದೊಡ್ಡ ದಾರಿ ಬೆವರು. ಬೆವರು ಸುರಿಯೋದಲ್ಲ, ಆರಬೇಕು. ಒಂದು ಲೀಟರ್ ಬೆವರು ಮೈಮೇಲೇ ಪೂರ್ತಿ ಆರಿದ್ರೆ ಸುಮಾರು 580 ಕಿಲೋ ಕ್ಯಾಲೊರಿ ಶಾಖ ತಗೊಂಡು ಹೋಗುತ್ತೆ, ತೊಟತೊಟ ಕೆಳಗೆ ಬಿದ್ದ ಬೆವರಿಂದ ನಯಾಪೈಸೆ ಲಾಭ ಇಲ್ಲ. ನಮ್ಮ ಕಡೆ ಈ ತಿಂಗಳಲ್ಲಿ ಮಧ್ಯಾಹ್ನ ಮೋಡ ಕಟ್ಟಿ ಮಾವಿನ ಮಳೆ ಬರೋ ಹಾಗೆ ಉಬ್ಬೆ ಹಾಕುತ್ತಲ್ಲ, ಅವತ್ತೇ ಜಾಸ್ತಿ ಹುಷಾರಾಗಿರ್ಬೇಕು, ಬಿಸಿಲು ಕಾಣಲ್ಲ ಅಂತ ಮೋಸ ಹೋಗ್ಬೇಡಿ. ನಿಮ್ಮ ಯಜಮಾನ್ರು ಹೇಳಿದ್ದು ಅರ್ಧ ನಿಜ, ಹಾಸನ ಮೂರು ಸಾವಿರ ಅಡಿ ಮೇಲಿದೆ, ರಾತ್ರಿ ತಂಪು, ಬೆಳಿಗ್ಗೆ ತಂಪು. ಏಪ್ರಿಲ್‌ನ ಸಂಜೆ 4 ಗಂಟೇಲಿ ಮಾತ್ರ ಊಟಿ ಎಲ್ಲೂ ಇರಲ್ಲ. ಮೊಬೈಲಲ್ಲಿ ತೋರಿಸೋ 34 ಡಿಗ್ರಿ ನೆರಳಿಂದು, ಬೆಳಿಗ್ಗೆಯಿಂದ ಕಾದ ಟಾರು ರಸ್ತೆ ಮೇಲೆ ಓಡೋರಿಗೆ ಕೆಳಗಿಂದಲೂ ಝಳ ಹೊಡೆಯುತ್ತೆ.

ಈಗ 16 ದಿನದ ಲೆಕ್ಕ. ದೇಹ ಸೆಕೆಗೆ ಒಗ್ಗೋಕೆ 10ರಿಂದ 14 ದಿನ ಬೇಕು, ನಿಮ್ಮ ಹತ್ರ ಸರಿಯಾಗಿ ಅಷ್ಟಿದೆ. ಮೊದಲ ನಾಲ್ಕೈದು ದಿನದಲ್ಲೇ ರಕ್ತದಲ್ಲಿ ನೀರಿನಂಶ ಹೆಚ್ಚುತ್ತೆ, ಆಮೇಲೆ ಬೆವರು ಬೇಗ ಶುರುವಾಗುತ್ತೆ, ಬೆವರಲ್ಲಿ ಉಪ್ಪು ಹೋಗೋದು ಕಮ್ಮಿ ಆಗುತ್ತೆ. ನಾಳೆ ಒಂದಿನ ರೆಸ್ಟ್ ತಗೊಳ್ಳಿ, ನಾಡಿದ್ದಿಂದ ಸಂಜೆ ನಾಲ್ಕೂವರೆ ಐದರ ಹೊತ್ತಿಗೆ 15 ನಿಮಿಷ ಬರೀ ಜೋರು ನಡಿಗೆ, ಎರಡು ದಿನ ಬಿಟ್ಟು ನಡಿಗೆ ಓಟ ಬೆರೆಸಿ 20 ನಿಮಿಷ, ಹೀಗೆ ಏರಿಸ್ತಾ 35-40 ನಿಮಿಷಕ್ಕೆ ತನ್ನಿ, ಜೊತೇಲಿ ಯಾರಾದ್ರೂ ಇರ್ಲಿ, ಮರ ಇರೋ ಕಡೆ ಸುತ್ತು ಹಾಕಿ. ಮಾತಾಡ್ಕೊಂಡು ಓಡೋಕಾಗ್ಬೇಕು, ಮಾತು ತುಂಡಾದ್ರೆ ನಡೀರಿ. ಕೊನೇ ಎರಡು ದಿನ ಏನೂ ಬೇಡ.

ಓಟದ ದಿನ 32 ನಿಮಿಷ ಮರ್ತುಬಿಡಿ. ಮನೇಲೇ ವಾಚ್ ಬಿಟ್ಟು ಬನ್ನಿ ಅಂತೀನಿ ನಾನು. ಒಂದೊಂದು ಕಿಲೋಮೀಟರ್‌ಗೂ ಅರ್ಧ ಮುಕ್ಕಾಲು ನಿಮಿಷ ಜಾಸ್ತಿ ತಗೊಳ್ಳಿ, 36 ನಿಮಿಷ ಆದ್ರೆ ಆಯ್ತು. ನೀವು ಸಂಗೀತದವರು, ನಿಮಗೆ ಹೇಳ್ಬೇಕಾ, ಆಲಾಪನೆ ಮಾಡದೆ ಯಾರಾದ್ರೂ ನೇರ ಮೃದಂಗದವರ ತನಿ ಆವರ್ತನಕ್ಕೆ ಹೋಗ್ತಾರಾ? ಇನ್ನೊಂದು, ಕೊನೇಲಿ ಡೊಳ್ಳೋ ತಮಟೆನೋ ಇಟ್ಟಿರ್ತಾರೆ, ಆ ಸದ್ದಿಗೆ ಸುಸ್ತು ಗೊತ್ತಾಗಲ್ಲ, ಗೊತ್ತಾಗಲ್ಲ ಅಷ್ಟೇ, ಮೈ ಬಿಸಿ ಏರ್ತಾನೇ ಇರುತ್ತೆ. ನಾನು ನೋಡಿದ ಬವಳಿ ಕೇಸ್ ಮುಕ್ಕಾಲು ಪಾಲು ಕೊನೇ 300 ಮೀಟರ್‌ದು.

ಕುಡಿಯೋದಕ್ಕೆ ಜಾಸ್ತಿ ತಲೆ ಕೆಡಿಸ್ಕೋಬೇಡಿ. ಓಟಕ್ಕೆ ಎರಡು ಗಂಟೆ ಮುಂಚೆ ಎರಡು ಲೋಟ ನೀರು ಅಥವಾ ಉಪ್ಪು ಹಾಕಿದ ನೀರು ಮಜ್ಜಿಗೆ, ಆಮೇಲೆ ಬಾಯಾರಿದಷ್ಟು. ಅರ್ಧ ಗಂಟೆ ಓಟದ ಮಧ್ಯ ಗುಟುಕು ನೀರು ಸಾಕು, ಕುಡೀದಿದ್ರೂ ನಡೆಯುತ್ತೆ. ಮಧ್ಯಾಹ್ನ ಪ್ರಸಾದದ ಊಟ ಅಂತ ಹೋಳಿಗೆ ಹೊಡ್ಕೊಂಡು ಬಂದ್ರೆ ನಾನು ಜವಾಬ್ದಾರ ಅಲ್ಲ, ಕೋಸಂಬರಿ ಮೊಸರನ್ನ ತಿನ್ನಿ. ಹಿಂದಿನ ರಾತ್ರಿ ಕಚೇರಿ ಕೇಳ್ತಾ ಹನ್ನೆರಡು ಮಾಡ್ಕೋಬೇಡಿ, ನಿದ್ದೆ ಕೆಟ್ಟ ದೇಹ ಸೆಕೆ ತಡ್ಕೊಳಲ್ಲ. ಹಿಂದಿನ ವಾರದಲ್ಲಿ ಜ್ವರನೋ ಭೇದಿನೋ ಆಗಿದ್ರೆ ಅವತ್ತು ಓಡೋದು ಬೇಡವೇ ಬೇಡ, ಚಪ್ಪಾಳೆ ಹೊಡೀರಿ.

ವೀಣೆ ಪಾಠದವಳು:

ತುಂಬಾ ಥ್ಯಾಂಕ್ಸ್ ಡಾಕ್ಟ್ರೇ. ಗಂಟಲಿನ ಬಗ್ಗೆ ಹೇಳಲೇ ಇಲ್ಲ. ಐಸ್ ನೀರು ಮುಟ್ಟಬೇಡ ಅಂತ ನಮ್ಮ ಗುರುಗಳು, ಹಾಡೋರಿಗೆ ಕೇಡು ಅಂತಾರೆ.

ಡಾಕ್ಟ್ರು:

ಗುರುಗಳ ಮಾತು ಮೀರೋದು ಬೇಡ, ಐಸನ್ನ ಕುಡೀಬೇಡಿ, ಕತ್ತಿಗೆ ಕಟ್ಕೊಳ್ಳಿ. ಹಳೇ ಪಂಚೆ ತುಂಡಲ್ಲಿ ಐಸ್ ಸುತ್ತಿ ಓಟಕ್ಕೆ ಮುಂಚೆ ಒಂದು 15 ನಿಮಿಷ ಕತ್ತು, ಮುಂಗೈ, ಅಂಗೈ ತಣ್ಣಗೆ ಮಾಡ್ಕೊಂಡ್ರೆ ಒಳ್ಳೇದು, ಗಂಟಲಿಗೂ ಅದಕ್ಕೂ ಸಂಬಂಧ ಇಲ್ಲ. ಓಡ್ತಾ ತಲೆ ಮೇಲೆ ನೀರು ಸುರ್ಕೊಂಡ್ರೆ ಹಾಯ್ ಅನ್ಸುತ್ತೆ, ಆದ್ರೆ ಒಳಗಿನ ಬಿಸಿ ಅಷ್ಟೇನೂ ಇಳಿಯಲ್ಲ, ಹಾಯ್ ಅನ್ಸಿತು ಅಂತ ಸ್ಪೀಡ್ ಮಾತ್ರ ಏರಿಸ್ಬೇಡಿ. ಮುಗಿಸಿದ ಮೇಲೆ ಬಾಯಲ್ಲಿ ಉಸಿರಾಡಿ ಗಂಟಲು ಒಣಗಿರುತ್ತೆ, ಉಗುರುಬೆಚ್ಚಗಿನ ನೀರನ್ನ ಗುಟುಕು ಗುಟುಕಾಗಿ ಕುಡೀತಾ ಫ್ಯಾನ್ ಕೆಳಗೆ ಕೂತ್ಕೊಳ್ಳಿ, ಜೋರಾಗಿ ಮಾತಾಡಬೇಡಿ. ಮುಕ್ಕಾಲು ಗಂಟೆ ಆದ್ಮೇಲೂ ತಲೆ ಭಾರ ಇದ್ರೆ ವೇದಿಕೆ ಹತ್ತಬೇಡಿ, ಗೋಷ್ಠಿಗಾಯನದಲ್ಲಿ ಒಬ್ಬರು ಕಮ್ಮಿ ಆದ್ರೆ ಯಾರಿಗೂ ಗೊತ್ತಾಗಲ್ಲ.

ವೀಣೆ ಪಾಠದವಳು:

ಗೊತ್ತಾಗುತ್ತೆ ಡಾಕ್ಟ್ರೇ, ನಾವಿರೋದೇ ಐದು ಜನ 😄

ಸಂತೇಪೇಟೆ ಹುಡುಗ:

ಸರ್ ಸುಮ್ನೆ ಹೆದರಿಸ್ತೀರ, ನಾನು ಮೇ ತಿಂಗಳಲ್ಲಿ ಮಧ್ಯಾಹ್ನ ಕ್ರಿಕೆಟ್ ಆಡ್ತೀನಿ ಏನೂ ಆಗಿಲ್ಲ, ಜೇಬಲ್ಲಿ ಒಂದು ಈರುಳ್ಳಿ ಇಟ್ಕೊಂಡ್ರೆ ಬಿಸಿಲು ಬಡಿಯಲ್ಲ ಅಂತ ನಮ್ಮಜ್ಜಿ ಹೇಳೋರು.

ಡಾಕ್ಟ್ರು:

ಕ್ರಿಕೆಟ್‌ನಲ್ಲಿ ನೀವು ಫೀಲ್ಡಿಂಗ್ ಅಂತ ನಿಂತಿರೋದೇ ಜಾಸ್ತಿ ಕಣಪ್ಪ, ಅದಲ್ದೆ ದಿನಾ ಆಡಿ ಆಡಿ ನಿಮ್ಮ ಮೈ ಒಗ್ಗಿದೆ. ಒಗ್ಗಿದ್ದೂ ಎರಡು ಮೂರು ವಾರ ಬಿಟ್ರೆ ಹೋಗಿಬಿಡುತ್ತೆ. ಈರುಳ್ಳಿ ಜೇಬಲ್ಲಿರೋದಕ್ಕಿಂತ ಕೋಸಂಬರೀಲಿ ಇರ್ಲಿ. ಅಜ್ಜಿ ಅದರ ಜೊತೆ "ಮಧ್ಯಾಹ್ನ ಆಚೆ ಹೋಗ್ಬೇಡ" ಅಂತಾನೂ ಹೇಳಿರ್ತಾರೆ, ಅದನ್ನ ನೀವು ಮರ್ತಿದೀರ.

ನಿವೃತ್ತ ನೌಕರ, ಅರಕಲಗೂಡು ಕಡೆಯವನು:

ಡಾಕ್ಟ್ರೇ ನಂಗೆ 61, ಬಿಪಿ ಮಾತ್ರೆ ಎರಡು ನುಂಗ್ತೀನಿ, ಒಂದು ಉಚ್ಚೆ ಜಾಸ್ತಿ ಹೋಗೋದು. ಮಗಳು ನನ್ನ ಹೆಸರೂ ಕೊಟ್ಟವ್ಳೆ. ಅವತ್ತೊಂದಿನ ಮಾತ್ರೆ ಬುಟ್ಟು ಓಡ್ಲಾ? ನಮ್ಮ ಕಡೆ ರುದ್ರಪಟ್ಟಣದ ಉತ್ಸವಕ್ಕೆ ಎಷ್ಟೋ ಸಲ ಹೋಗಿವ್ನಿ, ಕಾವೇರಿ ದಡದಲ್ಲಿ ತಣ್ಣಗೆ ಕೂತು ಹಾಡು ಕೇಳಿ ಬರೋದು, ಇದೇನು ಓಟ ಗೀಟ ಅಂತ ಹೊಸದು.

ಡಾಕ್ಟ್ರು:

ಯಜಮಾನ್ರೇ, ಮಾತ್ರೆ ಬಿಡೋದು ಖಂಡಿತ ಬೇಡ. ನೀರು ಹೋಗೋ ಮಾತ್ರೆ ಮೈಯಲ್ಲಿ ನೀರು ಉಪ್ಪು ಎರಡನ್ನೂ ಇಳಿಸುತ್ತೆ, ಇನ್ನೊಂದು ಮಾತ್ರೆ ಎದೆಬಡಿತ ಏರದ ಹಾಗೆ ಹಿಡಿಯೋ ಜಾತೀದಾಗಿದ್ರೆ ಚರ್ಮಕ್ಕೆ ರಕ್ತ ಹೋಗಿ ಮೈ ತಣ್ಣಗಾಗೋದೂ ಕಮ್ಮಿ. ಹಾಗಾಗಿ ನೀವು ಮಗಳ ಜೊತೆ ನೆರಳಲ್ಲಿ ಒಂದೆರಡು ಕಿಲೋಮೀಟರ್ ನಡೀರಿ, ಅದಕ್ಕೂ ಮುಂಚೆ ನಿಮ್ಮ ಡಾಕ್ಟ್ರಿಗೆ ಮಾತ್ರೆ ಚೀಟಿ ತೋರಿಸಿ ಕೇಳಿ. ಎಲ್ಲರಿಗೂ ಹೇಳ್ತೀನಿ, ಮಂಡಿ ನೋವು ಅಂತ ಓಟಕ್ಕೆ ಮುಂಚೆ ನೋವಿನ ಮಾತ್ರೆ ನುಂಗ್ಬೇಡಿ, ಸೆಕೇಲಿ ಕಿಡ್ನಿಗೆ ಪೆಟ್ಟು. ರುದ್ರಪಟ್ಟಣದ ಹೆಸರು ಕೇಳಿ ಖುಷಿ ಆಯ್ತು, ಆರ್.ಕೆ. ಶ್ರೀಕಂಠನ್ ಅವರ ಊರು, ತೊಂಬತ್ತು ದಾಟಿದ ಮೇಲೂ ಹಾಡಿದ ಮನುಷ್ಯ, ಅಂಥ ದಮ್ಮು ನಮಗೆಲ್ಲಿ ಬರ್ಬೇಕು.

ಎರಡು ಮಕ್ಕಳ ತಾಯಿ:

ಸರ್ ಮಗನಿಗೆ 11, ಅವನೂ ಓಡ್ತೀನಿ ಅಂತಾನೆ. ಗ್ಲೂಕೋಸ್ ಪುಡಿ ಕಲಸಿ ಕೊಡ್ಲಾ?

ಡಾಕ್ಟ್ರು:

11 ವರ್ಷಕ್ಕೆ ಬಿಸಿಲಲ್ಲಿ 5 ಕಿಲೋಮೀಟರ್ ಬೇಡಮ್ಮ, ಒಂದು ಕಿಲೋಮೀಟರ್ ಮಕ್ಕಳ ಓಟ ಇಡ್ಸಿ. ಮಕ್ಕಳು ನಮ್ಮಷ್ಟು ಬೆವರಲ್ಲ, ಮೇಲಾಗಿ ಸುಸ್ತಾಯ್ತು ಅಂತ ಒಪ್ಪೋದೂ ಇಲ್ಲ. ಗ್ಲೂಕೋಸ್ ಪುಡೀಲಿ ಬಹುತೇಕ ಸಕ್ಕರೆನೇ, ಬೆವರಲ್ಲಿ ಹೋಗೋದು ನೀರು ಉಪ್ಪು. ಪಾನಕ ಹೇಗೂ ಮಾಡ್ತಾರಲ್ಲ, ಅದಕ್ಕೇ ಚಿಟಿಕೆ ಉಪ್ಪು ಹಾಕಿ, ಬೆಲ್ಲ ಶುಂಠಿ ಏಲಕ್ಕಿ ಎಲ್ಲ ಇರುತ್ತೆ, ಓಟ ಆದ್ಮೇಲೆ ಅದಕ್ಕಿಂತ ಚೆನ್ನಾಗಿರೋದು ಅಂಗಡೀಲಿ ಸಿಗಲ್ಲ. ಎಳನೀರೂ ಒಳ್ಳೇದೇ, ಆದ್ರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಮ್ಮಿ. ಓಆರ್‌ಎಸ್ ಕೊಡೋದಾದ್ರೆ ಒಂದು ಲೀಟರ್‌ದು ಅಂತ ಬರೆದಿರೋ ಪ್ಯಾಕೆಟ್ಟನ್ನ ಪೂರ್ತಿ ಒಂದು ಲೀಟರ್ ನೀರಿಗೇ ಹಾಕಿ, ಒಂದು ಲೋಟಕ್ಕೆ ಹಾಕಿ ಗಟ್ಟಿ ಮಾಡಿ ಕುಡಿಸೋರನ್ನ ನೋಡಿದೀನಿ, ಅದು ತಪ್ಪು.

ಆಯೋಜಕರಲ್ಲಿ ಒಬ್ಬ:

ಸರ್ ನಾನು ಆ 4 ಗಂಟೆ ಟೈಮ್ ಇಟ್ಟ ಪಾಪಿಗಳಲ್ಲಿ ಒಬ್ಬ. ಸುಮಾರು 150 ಜನ ಹೆಸರು ಕೊಟ್ಟಿದಾರೆ. ನಾವು ನೀರಿನ ಬಾಟಲು, ಬಾಳೆಹಣ್ಣು, ಆಂಬುಲೆನ್ಸ್ ಒಂದು ಹೇಳಿದೀವಿ. ಇನ್ನೇನು ಬೇಕು? ಯಾರಾದ್ರೂ ಬಿದ್ರೆ ಮುಖಕ್ಕೆ ನೀರು ಹೊಡೆದು ಬೇಗ ಆಂಬುಲೆನ್ಸ್ ಹತ್ತಿಸೋದು ಅಲ್ವಾ?

ಡಾಕ್ಟ್ರು:

ಇದಕ್ಕೇ ಕಾಯ್ತಿದ್ದೆ. ಇಲ್ಲ, ಮೊದ್ಲು ಹತ್ತಿಸೋದಲ್ಲ, ಮೊದ್ಲು ತಣ್ಣಗೆ ಮಾಡೋದು.

ಬಿದ್ದೋರೆಲ್ಲ ಒಂದೇ ಥರ ಅಲ್ಲ. ಗೆರೆ ದಾಟಿ ಗಕ್ಕನೆ ನಿಂತು ಕುಸಿದವರಿಗೆ ರಕ್ತ ಕಾಲಲ್ಲಿ ನಿಂತಿರುತ್ತೆ ಅಷ್ಟೇ, ಮಲಗಿಸಿ ಕಾಲು ಎತ್ತಿ ಹಿಡಿದ್ರೆ ಐದು ನಿಮಿಷದಲ್ಲಿ ಮಾತಾಡ್ತಾರೆ, ಅದಕ್ಕೇ ಮುಗಿಸಿದೋರನ್ನ ನಿಲ್ಲೋಕೆ ಬಿಡದೆ ಸ್ವಲ್ಪ ನಡೆಸಿ. ಭಯಪಡಬೇಕಾದ್ದು ಯಾವುದಂದ್ರೆ ತೂರಾಡೋದು, ಊರು ಯಾವುದು ಅಂದ್ರೆ ಏನೇನೋ ಹೇಳೋದು, ಸುಮ್ಸುಮ್ನೆ ಸಿಟ್ಟಾಗೋದು, ಫಿಟ್ಸ್ ಬರೋದು, ಪ್ರಜ್ಞೆ ತಪ್ಪೋದು. ಮಿದುಳಿಗೆ ಬಿಸಿ ಏರಿದೆ ಅಂತ ಅರ್ಥ, ಒಳಗೆ 40 ಡಿಗ್ರಿ ದಾಟಿರುತ್ತೆ. ಬೆವರ್ತಾ ಇದಾರೆ ಹಂಗಾಗಿ ಹೀಟ್ ಸ್ಟ್ರೋಕ್ ಅಲ್ಲ ಅನ್ಬೇಡಿ, ಓಡಿ ಬಿದ್ದೋರು ಮೈ ಒದ್ದೆ ಇದ್ರೂ ಅದೇ ಆಗಿರಬಹುದು. ಹಣೆಗೆ ಹಿಡಿಯೋ ಗನ್ ಥರ್ಮಾಮೀಟರನ್ನೂ ಇಲ್ಲಿ ನಂಬೋಕಾಗಲ್ಲ, ಸುಳ್ಳು ಹೇಳುತ್ತೆ.

ಆಗ ನಮ್ಮ ಕೈಲಿರೋದು ಅರ್ಧ ಗಂಟೆ. ನಿಮ್ಮಲ್ಲಿ ಯಾರದಾದ್ರೂ ಮನೇಲಿ ಕಾಫಿ ಒಣಗಿಸೋ ಟಾರ್ಪಾಲ್ ಇದ್ದೇ ಇರುತ್ತೆ, ಅದರ ಮೇಲೆ ಅವರನ್ನ ಮಲಗಿಸಿ, ನಾಲ್ಕು ಜನ ಅಂಚು ಎತ್ತಿ ಹಿಡಿದ್ರೆ ತೊಟ್ಟಿ ಥರ ಆಗುತ್ತೆ, ಅದಕ್ಕೆ ನೀರು ಐಸ್ ಸುರಿದು ಕತ್ತಿನವರೆಗೂ ಮುಳುಗಿಸಿ ಅತ್ತಿತ್ತ ಅಲ್ಲಾಡಿಸ್ತಾ ಇರಿ, ತಲೆ ನೀರಿಂದ ಮೇಲಿರೋ ಹಾಗೆ ಒಬ್ಬರು ಹಿಡ್ಕೊಂಡಿರ್ಲಿ. ಒಂದು 10-15 ನಿಮಿಷ. ಎಷ್ಟು ಇಳೀತು ಅಂತ ಅಳೆಯೋದು ಟೆಂಟ್‌ನಲ್ಲಿರೋ ಡಾಕ್ಟ್ರ ಕೆಲಸ, 39ರ ಹತ್ರ ಬಂದಾಗ ತೆಗೀತೀವಿ. 108ಕ್ಕೆ ಫೋನು ಅದೇ ಹೊತ್ತಿಗೆ ಮಾಡಿ, ಗಾಡಿ ಬಂದು ನಿಂತ್ರೂ ತಣ್ಣಗಾದ ಮೇಲೇ ಹತ್ತಿಸೋದು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಸೋಡಾ ಏನೂ ಹುಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತೆ. ಜ್ವರದ ಮಾತ್ರೇನೂ ಬೇಡ, ಇದು ಜ್ವರ ಅಲ್ಲ.

ಇದೇನು ನನ್ನ ಸ್ವಂತ ಬುದ್ಧಿ ಅಲ್ಲ. ಅಮೆರಿಕದ ಫಾಲ್ಮತ್ ಅನ್ನೋ ಸಮುದ್ರದ ದಡದ ಊರಲ್ಲಿ ಆಗಸ್ಟ್ ಸೆಕೇಲಿ 7 ಮೈಲಿ ಓಟ ಮಾಡ್ತಾರೆ, ಅಲ್ಲಿ 18 ವರ್ಷದ ಲೆಕ್ಕ ತೆಗೆದಾಗ ಹೀಟ್ ಸ್ಟ್ರೋಕ್ ಆದೋರು 274 ಜನ, ಅಲ್ಲೇ ಐಸ್ ನೀರಿನ ಟಬ್‌ನಲ್ಲಿ ಮುಳುಗಿಸಿದ್ರು, ಅಷ್ಟೂ ಜನ ಬದುಕಿದ್ರು. ಒಬ್ಬರೂ ಹೋಗಲಿಲ್ಲ. ನಿಮ್ಮ 150 ಜನಕ್ಕೆ ನನ್ನ ಅಂದಾಜಲ್ಲಿ 50 ಕೆಜಿ ಐಸ್, ನಾಲ್ಕು ಡ್ರಮ್ ನೀರು, ಎರಡು ಟಾರ್ಪಾಲ್ ಸಾಕು.

ಮತ್ತೆ ಆ ಟೈಮ್. ದಯವಿಟ್ಟು ಬೆಳಿಗ್ಗೆಗೆ ಹಾಕಿ. ಅತಿಥಿಗಳು ಓಡಲ್ಲ ತಾನೇ?

ಆಯೋಜಕರಲ್ಲಿ ಒಬ್ಬ (ಎರಡು ದಿನ ಆದ್ಮೇಲೆ):

ಸರ್, ಮೀಟಿಂಗ್‌ನಲ್ಲಿ ನಿಮ್ಮ ಉತ್ತರ ಪೂರ್ತಿ ಓದಿ ಹೇಳ್ದೆ. ಮೊದ್ಲು ಹಿರಿಯರು ಒಪ್ಪಲಿಲ್ಲ, ಬೆಳಿಗ್ಗೆ ನಾದಸ್ವರ ಇದೆ ಅಂದ್ರು, ಆಮೇಲೆ ನಾದಸ್ವರದವರೇ ನಾವು ಓಟಕ್ಕೇ ನುಡಿಸ್ತೀವಿ ಬಿಡಿ ಅಂದ್ರು. ಬೆಳಿಗ್ಗೆ 6.30ಕ್ಕೆ ಓಟ, ಮೆಡಲ್ ಸಂಜೆ ಕಚೇರಿಗೆ ಮುಂಚೆ. ಮಕ್ಕಳಿಗೆ ಒಂದು ಕಿಲೋಮೀಟರ್ ಬೇರೆ. ಟಾರ್ಪಾಲ್ ಸಕಲೇಶಪುರದ ನಮ್ಮ ಭಾವ ಕೊಡ್ತಾರೆ. ಐಸ್ ಮೀನಂಗಡಿಯವನು ಕೊಡ್ತೀನಿ ಅಂದ, ರಾಮನವಮಿ ಅಂತ ಬೇಡ ಅಂದ್ವಿ, ಕಬ್ಬಿನ ಹಾಲಿನವನ ಹತ್ರ ಹೇಳಿದೀವಿ.

ವೀಣೆ ಪಾಠದವಳು:

ಅಯ್ಯೋ ಸದ್ಯ! ಡಾಕ್ಟ್ರೇ ಹಾಗಾದ್ರೆ ಸಂಜೆ ಪ್ರಾಕ್ಟೀಸ್ ನಿಲ್ಲಿಸ್ಲಾ?

ಡಾಕ್ಟ್ರು:

ನಿಲ್ಲಿಸಬೇಡಿ, ವಾರಕ್ಕೆ ಮೂರು ದಿನ ಸಾಕು. ಉಬ್ಬೆ ಇರೋ ದಿನ ಬೆಳಿಗ್ಗೇನೂ ಜೋರಾಗಿ ಓಡೋರು ಬೀಳ್ತಾರೆ, ಹಾಗಾಗಿ ಐಸ್ ಕ್ಯಾನ್ಸಲ್ ಮಾಡ್ಬೇಡ್ರಪ್ಪ. ಟಾರ್ಪಾಲ್ ಮಾತ್ರ ತೊಳೆದು ತನ್ನಿ, ಭಾವನ ಮನೆ ಕಾಫಿ ಸಿಪ್ಪೆ ಅದರಲ್ಲೇ ಅಂಟಿರುತ್ತೆ.