ಅಪ್‌ಡೇಟ್: ಪುಟ್ಟ ಕುಲುಮೆಯಲ್ಲಿ ಕೊನೆಗೂ ಇದ್ದಿಲು ಸಿಕ್ಕಿತು

ಮನೆಯ ತೆಂಗಿನ ಚಿಪ್ಪು, ಒಣ ಸಿಪ್ಪೆಗಳಿಂದ ಇದ್ದಿಲು ಮಾಡಲು ಹೋದರೆ ಬರೀ ಹೊಗೆ, ಕೊನೆಗೆ ಬೂದಿ ಎಂದು ಹತ್ತು ದಿನಗಳ ಹಿಂದೆ ಕೇಳಿದ್ದೆ. ಈಗ ಸರಿಹೋಗಿದೆ!

ಕೈಹಿಡಿದದ್ದು ಡಬ್ಬಿಯನ್ನು ಡ್ರಮ್ಮಿನೊಳಗೆ ಇಡುವ ಸಲಹೆ. 10 ಲೀಟರಿನ ತಗಡಿನ ಡಬ್ಬಿಗೆ 3 ಕಿಲೋ ಚಿಪ್ಪು ತುಂಬಿ, ಮುಚ್ಚಳ ಹಾಕಿ, ತಳದಲ್ಲಿ ಮಾತ್ರ ಸಣ್ಣ ತೂತುಗಳನ್ನು ಕೊರೆದು, ಡ್ರಮ್ಮಿನ ಬೆಂಕಿಯ ಮೇಲಿಟ್ಟೆ. ಅರ್ಧ ಗಂಟೆಯಲ್ಲಿ ತೂತುಗಳಿಂದ ಹೊರಟ ಅನಿಲವೇ ಹೊತ್ತಿಕೊಂಡಿತು, ಹೊಗೆ ಬಹುತೇಕ ನಿಂತಿತು. ಆ ಜ್ವಾಲೆ ಕಂಡಾಗಿನ ಸಂತೋಷ ಹೇಳತೀರದು. ಸಿಕ್ಕಿದ ಇದ್ದಿಲು ಸುಮಾರು 800 ಗ್ರಾಂ.

ಗಾಳಿ ಊದುವ ಸಲಹೆ ಫಲಿಸಲಿಲ್ಲ. ಗಾಳಿ ಹೆಚ್ಚಿದಷ್ಟೂ ಬೂದಿಯೇ ಹೆಚ್ಚು. ಡಬ್ಬಿಯನ್ನು ಪೂರ್ತಿ ಮುಚ್ಚಿಬಿಡಿ ಎಂದವರ ಮಾತನ್ನು ದಯವಿಟ್ಟು ಯಾರೂ ಪಾಲಿಸಬೇಡಿ, ಅನಿಲದ ಒತ್ತಡಕ್ಕೆ ಅದು ಸಿಡಿಯಬಹುದು. ಪ್ಲಾಸ್ಟಿಕ್ಕನ್ನಂತೂ ಹಾಕಲೇಬೇಡಿ, ಪಿವಿಸಿ ಸುಟ್ಟರೆ ಆಮ್ಲದ ಅನಿಲ ಬರುತ್ತದೆ.

ನನಗೆ ಗೊತ್ತಿರದಿದ್ದ ಸಂಗತಿ ಒಂದಿತ್ತು. ಬಿಸಿ ಆರುವ ಮೊದಲೇ ಮುಚ್ಚಳ ತೆರೆದಾಗ ಗಾಳಿ ತಗುಲಿ ಇದ್ದಿಲು ತಾನಾಗಿ ಕೆಂಡವಾಯಿತು. ಈಗ ಬೆಂಕಿ ಆರಿದ ಮೇಲೆ ತೂತುಗಳಿಗೆ ಒದ್ದೆ ಮಣ್ಣು ಮೆತ್ತಿ, ಬೆಳಗಿನವರೆಗೆ ಮುಟ್ಟುವುದಿಲ್ಲ.