ದಿಮ್ಮಿ ಎಳೆಯುತ್ತಿದ್ದ ಕೆನಡಾದ ಸಣ್ಣ ಟಗ್‌ಗಳು: ನಮ್ಮ ಕೆರೆಗೆ ಒಗ್ಗುತ್ತವಾ?

ಟೇಕಲ್‌ರೋಡ್_ಫ್ಯಾಬ್:
ಕೆನಡಾದ ರಸೆಲ್ ಬ್ರದರ್ಸ್ ಅನ್ನೋ ಕುಟುಂಬದ ಯಾರ್ಡು ಮರದ ದಿಮ್ಮಿ ಎಳೆಯೋಕೆ ಸಣ್ಣ ಉಕ್ಕಿನ ಟಗ್ (ಎಳೆಯೋ ದೋಣಿ) ಕಟ್ಟುತ್ತಿತ್ತಲ್ಲ, ಆ ವಿನ್ಯಾಸ ತಿಳಿದವರು ಹೇಳಿ. ಕೋಲಾರದ ಹತ್ತಿರ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು) ತುಂಬಿದ ಕೆರೆಯಲ್ಲಿ ಹಯಸಿಂತ್ ಕಳೆಯನ್ನು ದಡಕ್ಕೆ ಎಳೆಯಲು ಅಂಥದ್ದೇ ಒಂದು ಮಾಡಬೇಕಿದೆ. 6 ಮೀ. ಉದ್ದ, 2.2 ಮೀ. ಅಗಲ, ಚಪ್ಪಟೆ ತಳ, 5 ಎಂ.ಎಂ. ಶೀಟು, 45 ಎಚ್‌ಪಿ ಡೀಸೆಲ್. ಎಷ್ಟು ಮುಳುಗುತ್ತೆ? ಪ್ರೊಪೆಲ್ಲರ್ ಒಂದೇ ಸಾಕಾ?

ಹಳೇ_ಹಡಗು:
ರಸೆಲ್ ಬ್ರದರ್ಸ್ 1937ರಲ್ಲಿ ಫೋರ್ಟ್ ಫ್ರಾನ್ಸಿಸ್‌ನಿಂದ ಒಂಟಾರಿಯೋದ ಓವನ್ ಸೌಂಡ್‌ಗೆ ಬಂದರು. ಅವರ ಆಂಕಾಸ್ಟರ್ ಟಗ್ (1951) ಕೆನಡಾದ 1974ರ ಸರಣಿಯ ಒಂದು ಡಾಲರ್ ನೋಟಿನ ಹಿಂಬದಿಯಲ್ಲಿ ದಿಮ್ಮಿಗಳ ನಡುವೆ ಕಾಣುತ್ತೆ. ಆದರೆ ನಿಮಗೆ ಕೆಲಸಕ್ಕೆ ಬರೋ ಪಾಠ ಅದಕ್ಕಿಂತ ಹಿಂದಿನದು. 1889ರಲ್ಲಿ ಸಿಮ್ಕೋ ಊರಿನ ವೆಸ್ಟ್ ಅಂಡ್ ಪೀಚಿ ಕಟ್ಟಿದ ‘ಅಲಿಗೇಟರ್’ ನೋಡಿ. ಚಪ್ಪಟೆ ತಳ, ಎರಡೂ ಪಕ್ಕಕ್ಕೆ ನೀರು ತಳ್ಳೋ ಚಕ್ರ, ಸುಮಾರು 20 ಎಚ್‌ಪಿ ಹಬೆ ಎಂಜಿನ್, ವಿಂಚಿನಲ್ಲಿ (ಹಗ್ಗ ಸುತ್ತಿ ಎಳೆಯೋ ಯಂತ್ರ) ಒಂದು ಮೈಲಿ ಉಕ್ಕಿನ ಹಗ್ಗ. ಮುಂದೆ ಹೋಗಿ ಲಂಗರು ಹಾಕೋದು ಇಲ್ಲವೇ ದಡದ ಮರಕ್ಕೆ ಹಗ್ಗ ಕಟ್ಟೋದು, ಹಗ್ಗ ಬಿಡುತ್ತಾ ದಿಮ್ಮಿಗಳ ಹತ್ತಿರ ವಾಪಸ್ ಬರೋದು, ಕೊಕ್ಕೆ ಹಾಕಿ ವಿಂಚ್ ಸುತ್ತೋದು. ಕೆರೆಯಿಂದ ಕೆರೆಗೆ ಹೋಗಬೇಕಾದರೆ ಅದೇ ವಿಂಚಿನಿಂದ ನೆಲದ ಮೇಲೂ ತನ್ನನ್ನು ತಾನೇ ಎಳೆದುಕೊಳ್ಳುತ್ತಿತ್ತು. ಗುಡ್ಡ ಹತ್ತುವಾಗ ಬಾಯ್ಲರ್ ನೀರು ಒಂದು ಕಡೆ ವಾಲದಂತೆ ಬಾಯ್ಲರನ್ನೇ ಸಮ ಮಾಡೋ ಏರ್ಪಾಡೂ ಇತ್ತು. ಮುಂದೆ ರಸೆಲ್‌ನವರು ಉಕ್ಕಿನಲ್ಲಿ ಕಟ್ಟಿದ ವಿಂಚ್ ದೋಣಿಗಳೂ ಇದೇ ಯೋಚನೆಯವು.

ಡೀಸೆಲ್_ಮಾಲೂರು:
ಲೆಕ್ಕ ಹಾಕಿದರೆ ವಿಂಚ್ ಯಾಕೆ ಅಂತ ಗೊತ್ತಾಗುತ್ತೆ. ತೆರೆದ ಪ್ರೊಪೆಲ್ಲರ್, ಗೇರು ಸರಿಹೊಂದಿದರೂ, ನಿಂತಲ್ಲಿ ಎಳೆಯೋದು ಎಚ್‌ಪಿಗೆ 10–12 ಕೆ.ಜಿ. ನಿಮ್ಮ 45 ಎಚ್‌ಪಿಗೆ ಅರ್ಧ ಟನ್. ವಿಂಚಾದರೆ 1 ಟನ್ನನ್ನು ನಿಮಿಷಕ್ಕೆ 10 ಮೀ. ಎಳೆಯೋಕೆ ಬೇಕಾಗಿರೋದು 2.2 ಎಚ್‌ಪಿ. ವರ್ಮ್ ಗೇರಿನಲ್ಲಿ ಅರ್ಧ ನಷ್ಟವಾದರೂ 5 ಎಚ್‌ಪಿ ಸಾಕು. ನಿಧಾನ, ಆದರೆ ಕಳೆಗೆ ಅವಸರ ಏನಿಲ್ಲ. ದಟ್ಟವಾಗಿ ಬೆಳೆದರೆ ಹೆಕ್ಟೇರಿಗೆ 200ರಿಂದ 400 ಟನ್ ತೂಗೋ ವಸ್ತು ಅದು. ತುಂಡು ತುಂಡಾಗಿ ಕತ್ತರಿಸಿಕೊಂಡೇ ಎಳೀಬೇಕು.

ಮುಳುಗೋದು: ನಿಮ್ಮ ತಳ 13 ಚ.ಮೀ., ಅಂದರೆ 130 ಕೆ.ಜಿ.ಗೆ 1 ಸೆಂ.ಮೀ. 5 ಎಂ.ಎಂ. ಶೀಟು ಚ.ಮೀ.ಗೆ 39 ಕೆ.ಜಿ. ಡೆಕ್, ಒಳಗಿನ ಆಂಗಲ್, ಎಂಜಿನ್, ವಿಂಚ್, ನಾಲ್ಕು ಜನ ಎಲ್ಲಾ ಸೇರಿ 3 ಟನ್ ಹಿಡಿದರೆ ಕಾಲು ಮೀಟರ್. ಪರವಾಗಿಲ್ಲ.

ಎಂಜಿನ್ನಿಗೆ ಕೆರೆ ನೀರು ಒಳಗೆ ಎಳೆದುಕೊಳ್ಳೋ ಕೂಲಿಂಗ್ ಬೇಡವೇ ಬೇಡ. ಬೇರು ಹೋಗಿ ಸ್ಟ್ರೇನರ್ (ನೀರು ಸೋಸೋ ಜಾಲರಿ) ಕಟ್ಟಿ ಎಂಜಿನ್ ಕುದಿಯುತ್ತೆ. ತಳಕ್ಕೆ ಸಿ-ಚಾನಲ್ ಬೆಸೆದು ಅದರೊಳಗೆ ಕೂಲೆಂಟ್ ಸುತ್ತಿಸಿ, ಸೈಲೆನ್ಸರಿಗೂ ನೀರು ಹಾಯಿಸದೆ ಒಣಗಿದ್ದೇ ಇಡಿ. ಶಾಫ್ಟಿಗೆ ಬೇರು ಸುತ್ತೋದು ಖಂಡಿತ. ಪ್ರೊಪೆಲ್ಲರ್ ಮೇಲೆ ಕೈ ಹಾಕೋಕೆ ಒಂದು ಪೆಟ್ಟಿಗೆ ಬಿಡಿ. ಅದರ ಬಾಯಿ ನೀರಿನ ಮಟ್ಟಕ್ಕಿಂತ ಒಂದಡಿ ಮೇಲಿರಲಿ, ಇಲ್ಲದಿದ್ದರೆ ಮುಚ್ಚಳ ತೆಗೆದ ಕೂಡಲೇ ದೋಣಿ ತುಂಬುತ್ತೆ.

ಕೆರೆ_ಏರಿ:
ಒಂದು ಮಾತು ಅಣ್ಣ. ಕೆನಡಾದ ಕೆರೆಗಳಿಗೆ ದಡಕ್ಕೆ ದಾರಿ ಇರಲಿಲ್ಲ, ಅದಕ್ಕೇ ವಿಂಚು ದೋಣಿ ಹತ್ತಿತು. ನಿಮಗೆ ದಡದ ತನಕ ಟ್ರಾಕ್ಟರ್ ಬರೋದಾದರೆ ವಿಂಚು ದಡದಲ್ಲೇ ಇರಲಿ. ಕಳೆಯ ಸುತ್ತ ಹಗ್ಗ ಹಾಕಿ ಬರೋಕೆ 4 ಮೀಟರಿನ ದೋಣಿ ಸಾಕು.

ಟೇಕಲ್‌ರೋಡ್_ಫ್ಯಾಬ್:
ಟ್ರಾಕ್ಟರ್ ಇಳಿಯೋದು ಒಂದೇ ಮೂಲೆಯಲ್ಲಿ, ಉಳಿದದ್ದೆಲ್ಲ ಕೆಸರು. ಅಡ್ಡಕ್ಕೆ ಎಳೀಬೇಕಾಗುತ್ತೆ.

ಕೆರೆ_ಏರಿ:
ಹಾಗಾದರೆ ಕಪ್ಪಿ ಹಾಕಿ ಹಗ್ಗ ತಿರುಗಿಸಿ. 90 ಡಿಗ್ರಿ ತಿರುಗಿಸಿದರೆ ಕಪ್ಪಿಯ ಮೇಲೆ ಎಳೆತದ 1.4 ಪಟ್ಟು ಭಾರ ಬೀಳುತ್ತೆ, 1 ಟನ್ ಎಳೆದರೆ 1.4 ಟನ್. ಹೂಳಿನಲ್ಲಿ ಲಂಗರು ನಿಲ್ಲಲ್ಲ. ಗಟ್ಟಿ ನೆಲ ನೋಡಿ ಒಂದು ಮೀಟರ್ ಆಳಕ್ಕೆ ದಿಮ್ಮಿ ಅಡ್ಡ ಹೂತು ಅದಕ್ಕೆ ಕಟ್ಟಿ. ತೂಬಿನ ಕಲ್ಲುಕಂಬಕ್ಕೆ ಮಾತ್ರ ಕಟ್ಟಬೇಡಿ, ಅಡ್ಡ ಎಳೆತಕ್ಕೆ ಅದು ಮುರಿಯುತ್ತೆ. ಏರಿ ಮೇಲೆ ಗುಂಡಿಯನ್ನೂ ತೋಡಬೇಡಿ. ಉಕ್ಕಿನ ಹಗ್ಗ 10 ಎಂ.ಎಂ. ಇದ್ದರೆ ಸಾಕು, 300 ಮೀ.ಗೆ ಸುಮಾರು 110 ಕೆ.ಜಿ. ವಿಂಚಿನ ಡ್ರಮ್ಮಿನಲ್ಲಿ ಕೊನೇ 5 ಸುತ್ತು ಯಾವಾಗಲೂ ಬಿಚ್ಚದೆ ಉಳಿಸಿ. ಎಳೆಯುವಾಗ ಹಗ್ಗದ ನೇರಕ್ಕೆ, ಕಪ್ಪಿಯ ಒಳಮೂಲೆಗೆ ಯಾರೂ ನಿಲ್ಲಬಾರದು.

ಡೀಸೆಲ್_ಮಾಲೂರು:
ದೋಣಿ ಚಿಕ್ಕದಾದರೂ ಬೆಸುಗೆ ಪರೀಕ್ಷೆ ಬಿಡಬೇಡಿ. ಹೊರಗಡೆ ಸುಣ್ಣ ಬಳಿದು ಒಣಗಿಸಿ, ಒಳಗಿಂದ ಸೀಮೆಎಣ್ಣೆ ಹಚ್ಚಿ ಅರ್ಧ ಗಂಟೆ ಬಿಟ್ಟು ನೋಡಿ. ಕಲೆ ಕಂಡ ಕಡೆ ಗ್ರೈಂಡ್ ಮಾಡಿ ಮತ್ತೆ ಬೆಸೆಯಿರಿ, ಮೇಲೆ ಮೇಲೆ ತುಂಬಬೇಡಿ. ತುಕ್ಕು ತಡೆಯೋಕೆ ಆನೋಡ್ (ಉಕ್ಕಿನ ಬದಲು ತಾನೇ ಸವೆಯೋ ಲೋಹದ ತುಂಡು) ಹಾಕೋದಾದರೆ ಸಿಹಿನೀರಿಗೆ ಸತು ಬೇಡ, ಮೆಗ್ನೀಸಿಯಂ ತನ್ನಿ.